ಕಾಡಿಗೆ ಬಂದ ಜ್ವರ

ಎಲ್ಲಕ್ಕೂ ಕಾರಣ ಒಂದು 'ಗೊರ್'. ಹವಾಮಾನ ಹೀಗೇ ಕೆಡುತ್ತಾ ಹೋದರೆ ಕಾಡು ಎಷ್ಟು ತಾಳೀತು ಎಂದು ಅಳೆಯಬೇಕಿತ್ತು. ಅದಕ್ಕೆ ಅರಣ್ಯ ಕಚೇರಿಯ ಸಾಹೇಬರು ಗುಮಾಸ್ತನ ಕೈಗೆ ಬಿಳಿ ಡಬ್ಬಿಯೊಂದನ್ನು ಕೊಟ್ಟು, ಕಾಡಿನ ಮರಕ್ಕೆ ಕಟ್ಟಿ ಬಾ ಎಂದಿದ್ದರು. ಅಲ್ಲಿನ ಬಿಸಿ, ತೇವ ಎಷ್ಟೆಂದು ಅದು ತಾನಾಗಿಯೇ ಕಚೇರಿಯ ಕಂಪ್ಯೂಟರಿಗೆ ತಿಳಿಸುತ್ತಿತ್ತು. ನಮ್ಮ ಗುಮಾಸ್ತನೋ ಮಹಾ ಪುಕ್ಕಲ. ಮರದ ಹಿಂದೆ ಏನೋ 'ಗೊರ್' ಎಂದದ್ದೇ ತಡ, ಎದ್ದೆನೋ ಬಿದ್ದೆನೋ ಎಂದು ಓಡಿಬಂದು ಡಬ್ಬಿಯನ್ನು ತನ್ನ ಮನೆಯ ಹಿತ್ತಲ ಮರಕ್ಕೆ ಕಟ್ಟಿಬಿಟ್ಟ.

ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. ಇವತ್ತು ಬೆಳಿಗ್ಗೆ ಟೈಪಿಸ್ಟಮ್ಮ ಕಿಟಾರನೆ ಕಿರುಚಿದಳು.

"ಸಾರ್, ಕಾಡಿಗೆ ಜ್ವರ ಬಂದಿದೆ! ಅರವತ್ತು ಡಿಗ್ರಿ!"

ಸಾಹೇಬರ ಕೈಲಿದ್ದ ಚಹಾ ಅಂಗಿಯ ಮೇಲೆ ಚೆಲ್ಲಿತು. ಗುಟ್ಟು ರಟ್ಟಾದರೆ ಕೆಲಸ ಹೋದ ಹಾಗೆಯೇ! ಗುಮಾಸ್ತ ಮೊಬೈಲ್ ಹಿಡಿದು ವರಾಂಡಕ್ಕೆ ಓಡಿ ಹೆಂಡತಿಗೆ ಫೋನ್ ಮಾಡಿದ.

"ಏನೇ, ಹಿತ್ತಲಲ್ಲಿದ್ದ ಬಿಳಿ ಡಬ್ಬಿ ಎಲ್ಲೇ?"

"ಬಟ್ಟೆ ಒಣಹಾಕೋಕೆ ಅಡ್ಡ ಬರ್ತಿತ್ತು ರೀ. ತಂದು ಒಲೆ ಪಕ್ಕ ಇಟ್ಟಿದೀನಿ."

"ಅಯ್ಯೋ ನನ್ನ ಕರ್ಮವೇ! ಮೊದಲು ಅದನ್ನ ತಂಪಾಗಿರೋ ಕಡೆ ಇಡು."

"ಅಷ್ಟೇ ತಾನೇ?" ಎಂದಳು ಹೆಂಡತಿ.

ಬದುಕಿದೆ ಎಂದುಕೊಂಡು ಒಳಗೆ ಬಂದ. ಸ್ವಲ್ಪ ಹೊತ್ತಿಗೆ ಟೈಪಿಸ್ಟಮ್ಮ ಕುರ್ಚಿ ಬಿಟ್ಟು ಎದ್ದೇ ನಿಂತಳು.

"ಸಾರ್, ಈಗ ಚಳಿ ಹಿಡ್ಕೊಂಡಿದೆ! ಬರೀ ನಾಲ್ಕು ಡಿಗ್ರಿ!"

ಫ್ರಿಜ್ಜು! ಗುಮಾಸ್ತ ಹಣೆ ಚಚ್ಚಿಕೊಂಡ. ಕಚೇರಿಗೆ ಕಚೇರಿಯೇ ಕಂಪ್ಯೂಟರಿನ ಮುಂದೆ ಬಾಯಿ ಬಿಟ್ಟುಕೊಂಡು ನಿಂತಿತ್ತು.

"ಇಷ್ಟು ಅಪಾಯದಲ್ಲಿರೋ ಕಾಡು ಪ್ರಪಂಚದಲ್ಲೇ ಇಲ್ಲ ಕಣ್ರಯ್ಯ!" ಎಂದು ಸಾಹೇಬರು ಮೇಲಿನವರಿಗೆ ಫೋನ್ ಮಾಡಿ, ಇವತ್ತೇ ಒಬ್ಬರನ್ನು ಕಾಡಿಗೆ ಕಳಿಸುತ್ತೇನೆ ಎಂದುಬಿಟ್ಟರು.

ಗುಮಾಸ್ತ ಕೈ ಮುಗಿದ. "ತಪ್ಪಾಯ್ತು ಸಾರ್. ಡಬ್ಬಿ ಕಾಡಲ್ಲಿಲ್ಲ, ನಮ್ಮನೆ ಫ್ರಿಜ್ಜಲ್ಲಿದೆ."

"ಕಾಡಿಗೆ ಹೋಗೋಕೆ ಹೆದರಿ ಎಂಥಾ ಕತೆ ಕಟ್ತೀಯಯ್ಯ!" ಸಾಹೇಬರು ಕಣ್ಣು ಕೆಂಪಗೆ ಮಾಡಿದರು. "ಡಬ್ಬಿ ಕಟ್ಟಿರೋ ಮರ ಗೊತ್ತಿರೋದು ನಿನಗೊಬ್ಬನಿಗೇ. ಒಂದು ವರ್ಷ ಅಲ್ಲೇ ಇದ್ದು ನೋಡ್ಕೋ. ಇವತ್ತೇ ಹೊರಡು!"

ಮನೆಯಲ್ಲಿ ಹೆಂಡತಿ ತಣ್ಣನೆಯ ಡಬ್ಬಿಯನ್ನು ಕೈಗಿಟ್ಟಳು. "ಒಳ್ಳೇದೇ ಆಯ್ತು ಬಿಡಿ. ಫ್ರಿಜ್ಜಲ್ಲಿ ತರಕಾರಿಗೇ ಜಾಗ ಇರ್ಲಿಲ್ಲ."

ಸಂಜೆ ಹಾಸಿಗೆ ಸುರುಳಿ ಹೊತ್ತು ಕಾಡಿನಲ್ಲಿ ಅದೇ ಮರದ ಹತ್ತಿರ ಬಂದರೆ, ಮತ್ತೆ 'ಗೊರ್'! ಓಡಿದರೆ ಕೆಲಸ ಹೋಗುತ್ತದೆ, ನಿಂತರೆ ಜೀವ. ಅರೆಗಣ್ಣು ಬಿಟ್ಟು ಇಣುಕಿದ. ಹುಲಿಯಲ್ಲ, ಕರಡಿಯಲ್ಲ. ಕಾಡಿನ ಕಾವಲುಗಾರ ಅಂಗಾತ ಬಿದ್ದು ಗೊರಕೆ ಹೊಡೆಯುತ್ತಿದ್ದ.

ಅಲುಗಾಡಿಸಿದ ಮೇಲೆ ಕಾವಲುಗಾರ ಎದ್ದು ಕಣ್ಣುಜ್ಜಿಕೊಂಡ.

"ಬನ್ನಿ ಸಾರ್, ಕಚೇರಿಯಿಂದ ಫೋನ್ ಬಂದಿತ್ತು, ವರ್ಷಪೂರ್ತಿ ಇರ್ತೀರಂತೆ. ಇರೋದೊಂದೇ ರೂಮು, ಇಬ್ರೂ ಅಡ್ಜಸ್ಟ್ ಮಾಡ್ಕೊಳ್ಳೋಣ. ಹಗಲಲ್ಲಿ ನಂಗೆ ಸರಿಯಾಗಿ ನಿದ್ದೇನೇ ಬರಲ್ಲ ನೋಡಿ. ರಾತ್ರಿ ಮಾತ್ರ ಚೆನ್ನಾಗಿ ಮಲಗ್ತೀನಿ."