ಗ್ಯಾಸ್ ಒಲೆಯ ಮೇಲೆ ಈಳಿಗೆ

ಕಚೇರಿಯಲ್ಲಿ ತಜ್ಞನೆನಿಸಿಕೊಂಡವನು ಆ ತಜ್ಞತೆಯನ್ನು ಅಡುಗೆಮನೆಯೊಳಗೆ ತರಬಾರದು. ಇದು ನನಗೆ ತಡವಾಗಿ ಹೊಳೆದ ಸತ್ಯ. ಇಪ್ಪತ್ತೆರಡು ವರ್ಷಗಳಿಂದ ಸರ್ಕಾರಿ ನೌಕರಿಯಲ್ಲಿ ಉಕ್ಕು ಪರೀಕ್ಷೆ ಮಾಡುತ್ತಿದ್ದೇನೆ. ಘಾಜಿಯಾಬಾದಿನ ಕಾರ್ಖಾನೆಗಳ ಸರಳು, ತಗಡು, ಪಟ್ಟಿಗಳು ನನ್ನ ಸಹಿ ಬೀಳದೆ ಜಾಗ ಬಿಟ್ಟು ಕದಲುವುದಿಲ್ಲ. ಕಬ್ಬಿಣದಲ್ಲಿ ಇಂಗಾಲ ಎಷ್ಟು ಬೆರೆತಿದೆ ಎನ್ನುವುದರ ಮೇಲೆ ಉಕ್ಕಿನ ಜಾತಕವೆಲ್ಲ ನಿಂತಿದೆ. ಕಡಿಮೆಯಿದ್ದರೆ ಸಾಧು ಪ್ರಾಣಿ. ಬಗ್ಗಿಸಿದಂತೆ ಬಗ್ಗುತ್ತದೆ, ಕಿಟಕಿಯ ಸರಳಿಗೂ ಕಾರಿನ ಬಾಗಿಲಿಗೂ ಆಗುತ್ತದೆ. ಮಧ್ಯಮವಾದರೆ ದುಡಿಯುವ ಆಳು. ಗಾಡಿಯ ಅಚ್ಚಿಗೆ, ಗಿಯರಿಗೆ ಅದೇ ಬೇಕು. ಹೆಚ್ಚಿದ್ದರೆ ಗಡಸು, ಚಾಕು, ಗರಗಸ, ಸ್ಪ್ರಿಂಗು. ಇನ್ನೂ ಹೆಚ್ಚಾಯಿತೋ, ಪೆಟ್ಟು ಬಿದ್ದರೆ ಬಾಗುವ ಬದಲು ಮುರಿದೇ ಹೋಗುವಷ್ಟು ಸಿಡುಕು. ಇಂದಿರಾಪುರಂನ ನಮ್ಮ ಫ್ಲಾಟಿಗೆ ಕಾಫಿಗೆಂದು ಬಂದ ಯಾರನ್ನೂ ಇಷ್ಟನ್ನು ಹೇಳದೆ ಕಳಿಸಿದವನಲ್ಲ ನಾನು. ನನ್ನ ಹೆಂಡತಿ ವಿಮಲಾ ಮಾತ್ರ ನಾನು 'ಇಂಗಾಲ' ಎಂದೊಡನೆ ಕುಕ್ಕರ್ ನೋಡುವ ನೆಪದಲ್ಲಿ ಎದ್ದು ಹೋಗುತ್ತಾಳೆ. ಕುಕ್ಕರ್ ಇಟ್ಟಿರುವುದೇ ಇಲ್ಲ.

ಅವಳ ಈಳಿಗೆಮಣೆ ಹಾಸನದ ತವರಿನಿಂದ ಬಂದದ್ದು. ಅಲ್ಲಿನ ಕಮ್ಮಾರರು ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿ ಬಡಿದು ಅಲಗು ಮಾಡಿಕೊಟ್ಟಿದ್ದರಂತೆ. ಚಾಕು ಹಿಡಿದರೆ ಅವಳಿಗೆ ಕೈಯೇ ಓಡುವುದಿಲ್ಲ. ಶನಿವಾರ ನಮ್ಮ ಕನ್ನಡ ಬಳಗದ ಊಟ. ಎಂಬತ್ತು ಜನಕ್ಕೆ ಹುರುಳಿಕಾಯಿ ಪಲ್ಯ ವಿಮಲಾಳ ಪಾಲಿಗೆ ಬಂದಿತ್ತು. ಅಲಗಿನ ತುದಿ ಕೊಂಚ ಓರೆಯಾಗಿದೆ ಎಂದು ಅವಳು ಗುರುವಾರ ಗೊಣಗಿದಳು. ಅಷ್ಟು ಸಾಕಾಯಿತು ನನಗೆ. ಅವಳು ಅತ್ತ ಮಾರ್ಕೆಟ್ಟಿಗೆ ಹೋದಳು, ಇತ್ತ ನಾನು ಅಲಗನ್ನು ಮಣೆಯಿಂದ ಕಳಚಿ, ಗ್ಯಾಸ್ ಉರಿಯ ಮೇಲೆ ಕೆಂಪಗೆ ಕಾಯಿಸಿ, ಸುತ್ತಿಗೆಯಿಂದ ತಟ್ಟಿ ನೆಟ್ಟಗೆ ಮಾಡಿ, ಆರಲೆಂದು ಬಾಲ್ಕನಿಯಲ್ಲಿಟ್ಟೆ. ಹಾಗೆ ಕಾಯಿಸಿ ನಿಧಾನವಾಗಿ ಆರಲು ಬಿಟ್ಟರೆ ಗಡಸು ಉಕ್ಕು ಮೆತ್ತಗಾಗುತ್ತದೆ ಎಂದು ಕಚೇರಿಗೆ ಸೇರಿದ ಹೊಸಬರಿಗೆಲ್ಲ ಪಾಠ ಹೇಳುವವನು ಬೇರೆ ಯಾರೂ ಅಲ್ಲ, ನಾನೇ.

ಸಂಜೆ ಅವಳು ಕೂತು ಹುರುಳಿಕಾಯಿ ಒತ್ತಿದರೆ ಕಾಯಿ ಜಜ್ಜಿಹೋಯಿತೇ ಹೊರತು ತುಂಡಾಗಲಿಲ್ಲ. ಬೈಯುತ್ತಾಳೆಂದುಕೊಂಡೆ. ಅಲಗಿನ ಮೇಲೆ ಬೆರಳಾಡಿಸಿ, "ಅಮ್ಮ ಕೊಟ್ಟಿದ್ದು ರೀ" ಎಂದಳು, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಶುಕ್ರವಾರ ಬೆಳಿಗ್ಗೆಯೇ ಇಬ್ಬರೂ ಹೊರಟೆವು. ರಸ್ತೆಬದಿಯಲ್ಲಿ ಕುಲುಮೆ ಹೂಡಿ ಕೂರುವ ಲೋಹಾರ್ ಹೆಂಗಸೊಬ್ಬಳಿದ್ದಾಳೆ. ವಿಮಲಾ ಪಕ್ಕದ ತರಕಾರಿ ಭಯ್ಯಾನ ಬಳಿ ಕೊತ್ತಂಬರಿ ಕೊಳ್ಳಲು ನಿಂತಳು, ನಾನು ಅಲಗು ಒಪ್ಪಿಸಿದೆ. ಆಕೆ ಅದನ್ನು ಉಗುರಿನಿಂದ ತಟ್ಟಿ, ಅರದಿಂದ ಒಮ್ಮೆ ಉಜ್ಜಿ, ಮಾಲು ಒಳ್ಳೆಯದು, ಯಾರೋ ಮೂರ್ಖರು ಒಲೆಗೆ ಹಿಡಿದು ಕೆಡಿಸಿದ್ದಾರೆ ಎಂದಳು. ನನ್ನ ಪ್ರಯೋಗಾಲಯ ಇಷ್ಟು ಹೇಳಲು ಎರಡು ದಿನ ತೆಗೆದುಕೊಳ್ಳುತ್ತದೆ. ಯಾರು ಮಾಡಿದ್ದು ಎಂದು ಕೇಳಿದಳು.

"ಘರ್‌ವಾಲಿ ನೇ," ಎಂದೆ. ಹೆಂಡತಿಯ ಮೇಲೆ ಹಾಕುವಾಗ ನಾಲಿಗೆ ಒಂದಿಷ್ಟೂ ತೊದಲಲಿಲ್ಲ.

ಕೊತ್ತಂಬರಿಯ ವಾಸನೆ ಹತ್ತಿರದಲ್ಲೇ ಬಂತು. ತಿರುಗಿದರೆ ಬೆನ್ನ ಹಿಂದೆಯೇ ವಿಮಲಾ. ನನ್ನ ಮುಖವನ್ನೊಮ್ಮೆ ನೋಡಿ ಆಕೆಯತ್ತ ತಿರುಗಿ, "ಹಾಂ ದೀದಿ, ಮೈಂನೇ ಹೀ ಕಿಯಾ," ಎಂದು ತಪ್ಪನ್ನು ತನ್ನ ಮೇಲೇ ಹಾಕಿಕೊಂಡಳು.

ಸರಿ, ಶುರುವಾಯಿತು ಪಾಠ. ಆಕೆ ತಿದಿ ಒತ್ತುತ್ತ, ಅಲಗನ್ನು ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಮತ್ತೆ ಒಣಹುಲ್ಲಿನ ಬಣ್ಣ ಬರುವವರೆಗೆ ಹದವಾಗಿ ಕಾಯಿಸುತ್ತ, ಯಾವ ಕಬ್ಬಿಣ ಬಗ್ಗುತ್ತದೆ, ಯಾವುದು ಮೊನೆ ಹಿಡಿಯುತ್ತದೆ, ಯಾವುದು ಮುರಿಯುತ್ತದೆ ಎಂದು ವಿಮಲಾಳಿಗೆ ಬಿಡಿಸಿ ಬಿಡಿಸಿ ಹೇಳಿದಳು. ವಿಮಲಾ ಕುಕ್ಕರುಗಾಲಿನಲ್ಲಿ ಕೂತು ಕಣ್ಣರಳಿಸಿ ಕೇಳಿದಳು. ನಡುನಡುವೆ ಪ್ರಶ್ನೆ ಬೇರೆ. ಮದುವೆಯಾದಂದಿನಿಂದ ನಾನು ಕಾಣದ ಆಸಕ್ತಿ ಅದು.

ಅಲಗು ಕೈಗಿಡುತ್ತ ಆಕೆ ನನ್ನನ್ನೂ ಬಿಡಲಿಲ್ಲ. ನೋಡಿದರೆ ಓದಿದವರ ಹಾಗಿದ್ದೀರಿ ಬಾಬೂಜಿ, ನೀವೂ ಎಲ್ಲಾದರೂ ತಿಳಿದುಕೊಂಡು ಮನೆಯಲ್ಲಿ ಇವರಿಗೆ ನಾಲ್ಕು ಮಾತು ಹೇಳಬಾರದೇ ಎಂದು ತರಾಟೆಗೆ ತೆಗೆದುಕೊಂಡಳು. ಹೇಳುತ್ತೇನೆ ಎಂದು ತಲೆಯಾಡಿಸಿದೆ.

ಕಾರು ಹತ್ತಿದ ಮೇಲೆ ವಿಮಲಾ, "ಹೇಳಿ ಮತ್ತೆ, ಕೇಳ್ತೀನಿ. ಹುರುಳಿಕಾಯಿ ಹೆಚ್ಚುತ್ತಾ ಹೇಳಿ," ಎಂದಳು.

ಅಂದು ಎಂಟು ಕೆಜಿ ಹುರುಳಿಕಾಯಿಯನ್ನು ನಾನೊಬ್ಬನೇ ಹೆಚ್ಚಿದೆ. ಅಲಗು ಬಲು ಚೂಪಾಗಿತ್ತು. ವಿಮಲಾ ಕೊನೆಯವರೆಗೂ ಎದುರಿಗೇ ಕೂತಿದ್ದಳು, ಒಮ್ಮೆಯೂ ಎದ್ದು ಹೋಗಲಿಲ್ಲ. ಇಂಗಾಲದ ಸುದ್ದಿಗೆ ಮಾತ್ರ ನಾನು ಹೋಗಲಿಲ್ಲ.