ಬೇವಿನ ಬೊಡ್ಡೆಯ ‘ನಮ್ಮಾಕಿ’

ಗಂಡಸಿಗೆ ಬಿಡುವು ಸಿಗಬಾರದು. ಸಿಕ್ಕರೂ ಆಗ ಕೈಯಲ್ಲಿ ಉಳಿ ಇರಬಾರದು. ಸೊಲ್ಲಾಪುರ ರಸ್ತೆಯ ಬಡಿಗ ಅಮರಪ್ಪನಿಗೆ ಎರಡೂ ಒಟ್ಟಿಗೇ ಒದಗಿದವು. ಯುದ್ಧದ ಕಾಲ. ಕಬ್ಬಿಣದ ಪಟ್ಟಿ ಸಿಗದೆ ಅವನು ಮಾಡಿದ ಬಂಡಿಗಾಲಿಗಳೆಲ್ಲ ಗೋಡೆಗೊರಗಿ ಆಕಳಿಸುತ್ತಿದ್ದವು. ಅದೇ ಹೊತ್ತಿಗೆ ಸೊಲ್ಲಾಪುರದ ಪ್ರದರ್ಶನವೊಂದರಲ್ಲಿ ಅವನು ಕಟ್ಟಿಗೆಯ ಮನುಷ್ಯನೊಬ್ಬನನ್ನು ನೋಡಿಬಂದ. ದೇವರಲ್ಲ, ರಾಜನಲ್ಲ, ಮೈಮೇಲೆ ಒಂದು ಆಭರಣವಿಲ್ಲ. ಸುಮ್ಮನೆ ನಿಂತ ಮನುಷ್ಯ. ಉಳಿಯ ಗುರುತೂ ಹಾಗೇ ಇತ್ತು. (ಉಜ್ಜಿ ನುಣುಪು ಮಾಡದೆ ಬಿಟ್ಟರೆ ಅದು ಹೊಸ ಕಲೆಯಂತೆ, ಗಾಲಿಯನ್ನು ಹಾಗೆ ಬಿಟ್ಟರೆ ಮಾತ್ರ ಬೈಗುಳ.) ಅಲ್ಲಿಂದ ಬಂದವನು ಅರೆನಿದ್ದೆಯಲ್ಲೇ ಓಡಾಡತೊಡಗಿದ.

ಬಿಜ್ಜರಗಿಯಿಂದ ತಂದ ಬೇವಿನ ಬೊಡ್ಡೆ ಅಂಗಳದಲ್ಲಿ ಬಿದ್ದಿತ್ತು. ಒಂದು ಬೆಳಗ್ಗೆ ಹೆಂಡತಿ ರುದ್ರವ್ವ ಜೋಳ ಬೀಸಿ ಮುಗಿಸಿ, ಮೊಣಕಾಲ ಮೇಲೆ ಕೈಯಿಟ್ಟು, ಎತ್ತಲೋ ನೋಡುತ್ತ ಕೂತಳು. ಕೂದಲ ಮೇಲೆ ಹಿಟ್ಟು, ಹಿಟ್ಟಿನ ಮೇಲೆ ಎಳೆಬಿಸಿಲು. ಅಮರಪ್ಪನ ಎದೆ ಝಲ್ಲೆಂದಿತು. ಬೊಡ್ಡೆಯತ್ತ ತಿರುಗಿದ, ಅದರೊಳಗೂ ಅವಳೇ ಕೂತಿದ್ದಳು. ಆಮೇಲೆ ದಿನಾ ಬೆಳಗ್ಗೆ ಹೆಂಡತಿಯನ್ನು ನೋಡುವುದು, ಹಗಲೆಲ್ಲ ಗಾಲಿಗಳ ಮರೆಯಲ್ಲಿ ಕೆತ್ತುವುದು. ಬೇವಿನ ಕಹಿವಾಸನೆಯಲ್ಲಿ ಮಧ್ಯಾಹ್ನ ಸಂಜೆಯಾದದ್ದೇ ಅವನಿಗೆ ತಿಳಿಯುತ್ತಿರಲಿಲ್ಲ. ಮದುವೆಯಾದ ಮೇಲೆ ಹೆಂಡತಿಯನ್ನು ಇಷ್ಟು ಪ್ರೀತಿಸಿದ್ದು ಇದೇ ಮೊದಲು. (ಪಾಪ, ಅದು ಆಕೆಗೆ ಗೊತ್ತಿರಲಿಲ್ಲ.)

ಒಂದು ದಿನ ರುದ್ರವ್ವ ರೊಟ್ಟಿ ತಂದವಳು ಗಾಲಿಗಳ ಹಿಂದೆ ಇಣುಕಿದಳು. ಜೊತೆಗೆ ನೆರೆಮನೆಯ ಸುಗರಾಬಿ.

“ಯಾರಿಕಿ?” ಎಂದಳು ರುದ್ರವ್ವ, ಕಟ್ಟಿಗೆಯ ಹೆಂಗಸಿನತ್ತ ಬೆರಳು ಮಾಡಿ.

ಹೆಂಡತಿಯ ಹೆಸರು ಹಿಡಿಯುವುದೆಂದರೆ ನಾಚಿಕೆಗೇಡು. ಮದುವೆಯ ದಿನ ಪ್ರಾಸದೊಳಗೆ ಹೆಸರು ಅಡಗಿಸಿ ಒಡಪು ಹೇಳಿದ್ದೇ ಮೊದಲು, ಅದೇ ಕೊನೆ. ಅಮರಪ್ಪ ನೆಲ ನೋಡುತ್ತ, “ಇಕಿ… ನಮ್ಮಾಕಿ,” ಎಂದ.

“ನಿಮ್ಮಾಕಿ? ನಾ ಇನ್ನೂ ಜೀವಂತ ಅದೇನಿ, ಅಷ್ಟರಾಗ ಇನ್ನೊಬ್ಬಾಕಿ ನಿಮ್ಮಾಕಿ ಆದಳ? ನೋಡಬೇ ಸುಗರಾಬಿ! ನಡಾ ನೋಡು, ಜ್ವಾಳದ ಚೀಲ! ಪಾದ ನೋಡು, ಎಮ್ಮಿ ಗೊರಸು! ಇಂಥಾಕಿ ಮ್ಯಾಲ ಮನಸ ಹೋಗೇತಿ ಇವರದು!”

ತುಟಿಗೆ ಬಂದ ಹೆಸರನ್ನು ಅಮರಪ್ಪ ಗಟಕ್ಕನೆ ನುಂಗಿದ. ಈ ಚೀಲಕ್ಕೂ ಗೊರಸಿಗೂ ಯಜಮಾನಿ ಯಾರೆಂದು ಈಗ ಹೇಳುವ ಧೈರ್ಯ ಯಾವ ಮಹಾಶಿಲ್ಪಿಗಿದ್ದೀತು?

“ನಾ ಟಿಕೋಟಾಕ್ಕ ಹೊಂಟೆ. ತವರಮನಿ ಬಾಗಲಾ ಇನ್ನೂ ತೆರದೇತಿ,” ಎಂದು ರುದ್ರವ್ವ ಸೆರಗು ಬಿಗಿದಳು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅದನ್ನು ಕಂಡು ಅಮರಪ್ಪ ಉಳಿ ಕೆಳಗಿಟ್ಟ.

“ಹೆಸರ ಹೇಳಿಬಿಡ್ರಿ ಭಾವಾ, ಇಲ್ಲಾಂದ್ರ ಹೋಗೇ ಬಿಡ್ತಾಳ!” ಎಂದಳು ಸುಗರಾಬಿ.

ಅಮರಪ್ಪ ಕಣ್ಣು ಮುಚ್ಚಿದ. “ಬೇವಿನ ಬೊಡ್ಡಿಯೊಳಗ ಬೆಳದಿಂಗಳ ಕಂಡೆ, ಬೀಸಿ ದಣದು ಕುಂತ ರುದ್ರವ್ವನ ಕಂಡೆ.”

ಸುಗರಾಬಿ ಬಾಯಿಗೆ ಸೆರಗಿಟ್ಟುಕೊಂಡಳು. ರುದ್ರವ್ವ ಮೆಲ್ಲಗೆ ಮೂರ್ತಿಯ ಸುತ್ತ ಬಂದು, ಅದರ ಮೊಣಕಾಲ ಮೇಲಿನ ಕೈಯನ್ನು ಮುಟ್ಟಿದಳು. “ನಾನ?” ಎಂದಳು ಮದುಮಗಳ ದನಿಯಲ್ಲಿ. ಅಮರಪ್ಪನ ಕಾಲು ನೆಲದ ಮೇಲಿರಲಿಲ್ಲ. ಜೋಳದ ಚೀಲದ ಮಾತು ಎತ್ತಲಿಲ್ಲವಲ್ಲ, ಬದುಕಿದೆ ಅಂದುಕೊಂಡ.

“ದಿನಾ ಮುಂಜಾನೆ ನನ್ನ ನೋಡತಿದ್ರಿ?”

“ದಿನಾ.”

“ನಾ ದಣದಿದ್ದು ಕಾಣತಿತ್ತು?”

“ಬೆರಳ ತುದಿತನಕ!” ಎಂದ ಕಲಾವಿದ ಹೆಮ್ಮೆಯಿಂದ.

“ಮತ್ತ ಎದ್ದ ಬಂದು ಬೀಸೂಕಲ್ಲಿಗೆ ಒಂದ ಕೈ ಹಚ್ಚಬೇಕಂತ ಕಾಣಲಿಲ್ಲ?”

ಮರುದಿನ ಬೆಳಗ್ಗೆ ಬೀಸುವ ಕಲ್ಲಿನ ಮುಂದೆ ಅಮರಪ್ಪ ಕೂತಿದ್ದ. ರುದ್ರವ್ವ ಕಂಬಕ್ಕೊರಗಿ ಗಂಡನನ್ನು ಕಣ್ತುಂಬ ನೋಡುತ್ತಿದ್ದಳು.

“ಇನ್ನೊಂದ ಸೇರು ಬೀಸ್ರಿ,” ಎಂದಳು ಪ್ರೀತಿಯಿಂದ, “ನಿಮ್ಮ ದಣಿವು ನನಗಿನ್ನೂ ಸರಿಯಾಗಿ ಕಾಣವಲ್ದು.”