ಅಕಿಟಾದ ಬಳಿ ಯಾವುದು?

ನಮ್ಮ ಸೋದರತ್ತೆಗೆ ಸ್ವಂತ ಅಣ್ಣನ ಮಕ್ಕಳ ಹೆಸರು ನೆನಪಿರುತ್ತಿರಲಿಲ್ಲ. ನಾಯಿಯ ಮುತ್ತಜ್ಜಿಯ ಹೆಸರು ಮಾತ್ರ ಎಂದೂ ತಪ್ಪುತ್ತಿರಲಿಲ್ಲ! ನನ್ನನ್ನು ಕರೆಯಬೇಕಾದರೆ ಮೊದಲು ಮನೆಯ ಅಷ್ಟೂ ನಾಯಿಗಳ ಹೆಸರು ಹೇಳಿ ಕೊನೆಗೆ ನನ್ನ ಹೆಸರಿಗೆ ಬರುತ್ತಿದ್ದಳು. ನಾನೂ ಎರಡನೆಯ ಹೆಸರಿಗೇ ಓಗೊಡಲು ಕಲಿತುಬಿಟ್ಟಿದ್ದೆ.

ನಮ್ಮೂರು ಕೋಲಸಿರ್ಸಿಗೆ, ಅಷ್ಟೇಕೆ, ನಮ್ಮ ಇಡೀ ಸೀಮೆಗೆ ಅಕಿಟಾ ಎಂಬ ಜಪಾನಿ ನಾಯಿಯನ್ನು ಮೊದಲು ತಂದವಳು ಅವಳು. ಬೆಂಗಳೂರಿಗೆ ಯಾರದೋ ಮದುವೆಗೆ ಹೋದವಳು ಪಕ್ಕದ ಮೈದಾನದ ನಾಯಿ ಪ್ರದರ್ಶನಕ್ಕೆ ನುಗ್ಗಿ, ಮದುವೆಯೂಟವನ್ನೂ ಬಿಟ್ಟು, ಸುರುಳಿ ಬಾಲದ ಹೆಣ್ಣುಮರಿಯೊಂದನ್ನು ಬುಟ್ಟಿಯಲ್ಲಿಟ್ಟುಕೊಂಡು ಬಂದಳು. ಸಿದ್ದಾಪುರದ ಅಂಗಡಿಯಲ್ಲಿ ಬುಟ್ಟಿ ಇಳಿಸಿ ಹೆಮ್ಮೆಯಿಂದ ಅಕಿಟಾ ಎಂದರೆ, ಗಡಿಬಿಡಿಯಲ್ಲಿದ್ದ ಅಂಗಡಿಯವನು ಅಕ್ಕಿ ತಾ ಎಂದು ಕೇಳಿಸಿಕೊಂಡು ಹತ್ತು ಕೇಜಿ ತೂಗಿಯೇಬಿಟ್ಟ. ಅತ್ತೆ ಬೇಡವೆನ್ನಲಿಲ್ಲ. ಮರಿಗೂ ಊಟ ಬೇಕಲ್ಲ!

ಅವಳ ದೊಡ್ಡ ಹುಚ್ಚೆಂದರೆ ಬಳಿಯದು. ನಮ್ಮಲ್ಲಿ ಬಳಿ ಎಂದರೆ ತಾಯಿಯಿಂದ ಮಕ್ಕಳಿಗೆ ಬರುವ ಕುಲ. ಒಂದೇ ಬಳಿಯವರು ಅಣ್ಣ-ತಂಗಿ, ಮದುವೆ ಕೂಡದು. ಅತ್ತೆ ಈ ಕಟ್ಟಳೆಯನ್ನು ನಾಯಿಗಳಿಗೂ ಹಾಕಿದಳು! ಒಮ್ಮೆ ಎಸಿ ಕಾರಿನಲ್ಲಿ ಚಾಂಪಿಯನ್ ಗಂಡುನಾಯಿಯೊಂದು ಸಂಬಂಧ ಬೆಳೆಸಲು ಬಂತು. ಅತ್ತೆ ಕಾಗದಪತ್ರ ನೋಡಿದಳು. ಅದರ ತಾಯಿಯ ತಾಯಿ ನಮ್ಮ ಮನೆಯ ಮರಿಯೇ. ಚಹಾ ಕೊಟ್ಟು, ಸಂಬಂಧ ಆಗದು ಎಂದಳು. ಇಷ್ಟೊಂದು ಕಪ್ ಗೆದ್ದ ನಾಯಿ ಎಂದು ಕಾರಿನವರು ಗೋಗರೆದರು.

"ಕಪ್ ಗೆದ್ರೆ ತಂಗಿ ಹೆಂಡ್ತಿ ಆತಾಳನಾ?" ಎಂದಳು ಅತ್ತೆ.

ಜನ ನಕ್ಕರು. ಆದರೆ ರಕ್ತಸಂಬಂಧದೊಳಗೇ ಕೂಡಿಸಿದ ಬೇರೆಯವರ ನಾಯಿಗಳು ಸೊಂಟ ಸೋತು, ಕಣ್ಣು ಮಂಜಾಗಿ ಕೂತಾಗ ಅತ್ತೆಯವು ಪ್ರದರ್ಶನದ ರಿಂಗಿನಲ್ಲಿ ಕುದುರೆಗಳ ಹಾಗೆ ಓಡುತ್ತಿದ್ದವು. ಆಮೇಲೆ ಪ್ರದರ್ಶನದವರೇ ಬಳಿ ಕೇಳಲು ಕಲಿತು ಕೋಲಸಿರ್ಸಿ ಹುಡುಕಿಕೊಂಡು ಬರತೊಡಗಿದರು.

ನನಗೆ ಹೆಣ್ಣು ನೋಡಲು ಹೋದಾಗಲೂ ಅತ್ತೆ ಸುಮ್ಮನಿರಲಿಲ್ಲ. ಹೆಣ್ಣಿನ ಕಡೆಯವರ ಮುಂದೆ ನನ್ನನ್ನೇ ಅಂಗಳದಲ್ಲಿ ಎರಡು ಸುತ್ತು ನಡೆಸಿ, ಹಿಂಗಾಲು ಸ್ವಲ್ಪ ಸೊಟ್ಟ, ಸ್ವಭಾವ ಚಲೋ ಎಂದು ತೀರ್ಪು ಕೊಟ್ಟಳು. ಹೆಂಡತಿ ಇವತ್ತಿಗೂ ಅದರ ಮೊದಲರ್ಧವನ್ನು ಮಾತ್ರ ಒಪ್ಪುತ್ತಾಳೆ.

ಕಳೆದ ವರ್ಷ ಅತ್ತೆ ಹಾಸಿಗೆ ಹಿಡಿದಾಗ ಮನೆಯಲ್ಲಿ ಉಳಿದಿದ್ದು ತಾರೆ ಎಂಬ ಒಂದೇ ಹೆಣ್ಣುನಾಯಿ. ಅದಕ್ಕೆ ಗಂಡು ಹುಡುಕಿದರೆ ಎಲ್ಲೆಲ್ಲೂ ಅತ್ತೆಯ ನಾಯಿಗಳ ಮೊಮ್ಮಕ್ಕಳೇ! ತಾನೇ ಹಬ್ಬಿಸಿದ ಸಂತಾನ ತನಗೇ ಅಡ್ಡ ಬಂದಿತ್ತು. ಅತ್ತೆ ನನ್ನ ಕೈ ಹಿಡಿದಳು.

"ಇದ್ರ ಸಂತಾನ ಇಲ್ಲಿಗೇ ನಿಲ್ಲೂದು ಬ್ಯಾಡ ಮಾರಾಯ. ಆದ್ರೆ ಬಳಿ ಕೇಳ್ದೆ ಕೊಡ್ಬ್ಯಾಡ."

ಅಂದು ನನ್ನ ಹೆಸರನ್ನು ಮೊದಲ ಸಲಕ್ಕೇ ಸರಿಯಾಗಿ ಕರೆದಿದ್ದಳು. ಹದಿನೈದು ದಿನಕ್ಕೆ ಹೋಗಿಬಿಟ್ಟಳು.

ನಾಯಿ ಕಂಡರೆ ಮಾರು ದೂರ ನಿಲ್ಲುವ ನಾನು ಊರೂರಿಗೆ ಫೋನ್ ಮಾಡಿದೆ. ಕೊನೆಗೆ ಯಲ್ಲಾಪುರಕ್ಕೆ ವರ್ಗವಾಗಿ ಬಂದವರೊಬ್ಬರ ಮನೆಯಲ್ಲಿ, ದೂರದ ಶಿಲ್ಲಾಂಗಿನಿಂದ ತಂದ ಗಂಡು ಸಿಕ್ಕಿತು. ತಾಳೆ ನೋಡಲು, ಅತ್ತೆ ನಾಯಿಗಳ ವಂಶಾವಳಿ ಬರೆದಿಡುತ್ತಿದ್ದ ಪುಸ್ತಕ ತೆರೆದೆ. ಮೊದಲ ಪುಟದಲ್ಲಿ, ಬುಟ್ಟಿಯಲ್ಲಿ ಬಂದ ಆ ಮರಿಯ ಹೆಸರಿನ ಮುಂದೆ, ಅತ್ತೆ ತನ್ನದೇ ಬಳಿ ಬರೆದಿದ್ದಳು. ಅಪ್ಪನಿಂದ ಅದು ನನಗೆ ಬರುವುದಿಲ್ಲ, ಅತ್ತೆಗೆ ಮಕ್ಕಳಿರಲಿಲ್ಲ. ಅವಳೊಂದಿಗೇ ಮುಗಿಯಬೇಕಿದ್ದ ಬಳಿ ಅದು. ತಾರೆಯ ಕೊರಳು ತಬ್ಬಿಕೊಂಡು ಅತ್ತುಬಿಟ್ಟೆ.

ಚೌತಿಯ ಹೊತ್ತಿಗೆ ಐದು ಮರಿಗಳಾದವು, ಮೂರು ಹೆಣ್ಣು. ಮೊನ್ನೆ ಹುಬ್ಬಳ್ಳಿಯವರೊಬ್ಬರು ಮರಿ ಬೇಕೆಂದು ಫೋನ್ ಮಾಡಿದರು. ಬಣ್ಣ ಕೇಳಲಿಲ್ಲ, ಬಾಲ ಕೇಳಲಿಲ್ಲ.

"ಮೊದ್ಲ ಬಳಿ ಯಾವ್ದು ಹೇಳ್ರಿ," ಎಂದರು.

ತೊಡೆಯ ಮೇಲಿದ್ದ ಮರಿಯ ಬೆನ್ನು ಸವರುತ್ತ ಹೇಳಿದೆ:

"ನಮ್ಮ ಅತ್ತೆಯ ಬಳಿ."